ಬಾಹುಕ, ಸಿಐಡಿ 999 ಮತ್ತು ಬೆಳ್ಳಾರೆಗೆ ಬಂದ ಪುಟ್ಟಬಸಪ್ಪ

ರಾತ್ರಿ ಇಡೀ ನಿದ್ದೆಗೆಟ್ಟು ಆಟ ನೋಡಿದವರಿಗೆ ಬಾಹುಕನ ಗುರುತು ಹೇಳಬೇಕಾಗಿಲ್ಲ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ, ಕಾಡಿನಲ್ಲಿ ಮಲಗಿದ್ದ ಹೆಂಡತಿಯನ್ನು ಬಿಟ್ಟು ಹೋಗುತ್ತಾನೆ. ಕಾರ್ಕೋಟಕ ಕಚ್ಚಿ ರೂಪ ಕೆಡುತ್ತದೆ. ಹೆಸರು ಬದಲಿಸಿ ಅಯೋಧ್ಯೆಯ ಋತುಪರ್ಣನಲ್ಲಿ ಸಾರಥಿಯಾಗಿ ಸೇರುತ್ತಾನೆ. ಯಾರಿಗೂ ಸುಳಿವಿಲ್ಲ.

ಅವನನ್ನು ಪತ್ತೆ ಹಚ್ಚಿದವಳು ದಮಯಂತಿ. ನಾವು ಚಿಕ್ಕಂದಿನಲ್ಲಿ ಇದನ್ನು ಪತಿವ್ರತೆಯ ಕಥೆ ಎಂದೇ ಕೇಳಿದ್ದು. ಈಗ ನೋಡಿದರೆ ಅವಳದು ಅಪ್ಪಟ ಪತ್ತೇದಾರಿ ಕೆಲಸ. ಗಂಡನಿಗೆ ಮಾತ್ರ ಅರ್ಥವಾಗುವ ಪ್ರಶ್ನೆಯೊಂದನ್ನು ಕೊಟ್ಟು ಬ್ರಾಹ್ಮಣರನ್ನು ಊರೂರಿಗೆ ಅಟ್ಟಿದಳು. ಉತ್ತರ ಕೊಟ್ಟವನು ಅಯೋಧ್ಯೆಯಲ್ಲಿದ್ದಾನೆ ಎಂದು ತಿಳಿದ ಮೇಲೆ, ನಾಳೆಯೇ ತನಗೆ ಇನ್ನೊಂದು ಸ್ವಯಂವರ ಎಂದು ಸುಳ್ಳು ಸುದ್ದಿ ಕಳಿಸಿದಳು. ಒಂದೇ ದಿನದಲ್ಲಿ ವಿದರ್ಭಕ್ಕೆ ರಥ ಓಡಿಸಬಲ್ಲವನು ನಳನೊಬ್ಬನೇ. ರಥ ಬಂತು. ದಾಸಿ ಕೇಶಿನಿಯನ್ನು ಬಿಟ್ಟು ಅವನ ನಡೆ ನೋಡಿಸಿದಳು, ಅವನು ಮಾಡಿದ ಅಡುಗೆ ತರಿಸಿ ರುಚಿ ನೋಡಿದಳು. ಕನಕದಾಸರು ‘ನಳಚರಿತ್ರೆ’ ಬರೆದದ್ದು ಇದೇ ಕಥೆಯನ್ನು. ವೇಷ ಮರೆಸಿದ ಗಂಡಸು, ಕಾದು ಹುಡುಕಿದ ಹೆಂಗಸು, ಮತ್ತೆ ಚಿಗುರಿದ ಪ್ರೀತಿ ಎಲ್ಲ ಒಂದೇ ಕಥೆಯಲ್ಲಿತ್ತು.

ಅಚ್ಚಿನ ಪುಸ್ತಕ ಬಂದ ಮೇಲೆ ಇದು ಎರಡಾಗಿ ಒಡೆಯಿತು. ಒಂದು ಕಡೆ ಪತ್ತೇದಾರಿ ಕಾದಂಬರಿ. ಕನ್ನಡ ಬಾವುಟ ರೂಪಿಸಿದ ಮ. ರಾಮಮೂರ್ತಿ ಅವರೂ ಪತ್ತೇದಾರಿ ಕಾದಂಬರಿ ಬರೆದವರೇ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟ ಎನ್. ನರಸಿಂಹಯ್ಯ ‘ಪತ್ತೇದಾರ ಪುರುಷೋತ್ತಮ’ನಿಂದ ಹೆಸರಾಗಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಇನ್ನೊಂದು ಕಡೆ ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ ಅವರ ಕಾದಂಬರಿಗಳು. ಅಲ್ಲಿ ಕೈತಪ್ಪಿದ ಪ್ರೀತಿ ಇತ್ತು, ಪಿಸ್ತೂಲು ಇರಲಿಲ್ಲ. ಅಣ್ಣನ ಪುಸ್ತಕ ಬೇರೆ, ಅಕ್ಕನ ಪುಸ್ತಕ ಬೇರೆ ಆಯಿತು. (ಅಕ್ಕ ಅಣ್ಣನದನ್ನೂ ಕದ್ದು ಓದುತ್ತಿದ್ದಳು, ಅದು ಬೇರೆ ಮಾತು.)

ಸಿನಿಮಾದಲ್ಲಿ ಈ ಒಡಕು ಇನ್ನೂ ಸ್ಪಷ್ಟ. 1962ರಲ್ಲಿ ಜೇಮ್ಸ್ ಬಾಂಡ್ ತೆರೆಗೆ ಬಂದ. ಆರು ವರ್ಷದಲ್ಲಿ ದೊರೈ–ಭಗವಾನ್ ಜೋಡಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿತು. 1968ರಲ್ಲೇ ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿಐಡಿ 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರ್‍ಯಾಕೆಟ್’. ನಾಯಕಿಯರು ಕ್ರಮವಾಗಿ ಜಯಂತಿ, ಲಕ್ಷ್ಮಿ, ರೇಖಾ, ಪದ್ಮಪ್ರಿಯ. ಪ್ರತಿ ಸಲ ಹೊಸಬರು. 999ನಿಗೆ ಹಳೆಯ ಪ್ರೀತಿ ಎಂಬುದೇ ಇಲ್ಲ, ಯಾರೂ ಅವನಿಗಾಗಿ ಕಾದು ಕೂತಿಲ್ಲ.

ಆದರೆ ಇದೇ ದೊರೈ–ಭಗವಾನ್, ಇದೇ ರಾಜ್‌ಕುಮಾರ್ 1974ರಲ್ಲಿ ವಾಣಿ ಅವರ ‘ಎರಡು ಕನಸು’ ತೆರೆಗೆ ತಂದರು. ಮೊದಲ ಪ್ರೀತಿಯ ಗುಂಗಿನಲ್ಲೇ ಇದ್ದು, ಕಟ್ಟಿಕೊಂಡ ಹೆಂಡತಿಯನ್ನು ದೂರ ಇಟ್ಟ ಗಂಡನ ಕಥೆ. ಗೂಢಚಾರನೂ ಗೊತ್ತು, ಹಳೆಯ ಪ್ರೀತಿಯೂ ಗೊತ್ತು. ಎರಡನ್ನೂ ಒಂದೇ ಸಿನಿಮಾದಲ್ಲಿ ಕೂಡಿಸಲಿಲ್ಲ. ಹಾಗೆ ಮಾಡಿದ್ದರೆ ಗೋವಾಕ್ಕೆ ಹೋಗುವ ಅಗತ್ಯ ಇರಲಿಲ್ಲ ಎನ್ನುವುದು ನಮ್ಮ ಅನಿಸಿಕೆ. ವೇಷ ಮರೆಸಿದವನ ನಿಜ ಕಥೆಯೇ ನಮ್ಮ ಸುಳ್ಯದಲ್ಲಿದೆ.

ಕೊಡಗಿನ ಅರಸ ಚಿಕ್ಕವೀರರಾಜನನ್ನು ಬ್ರಿಟಿಷರು ಇಳಿಸಿದ್ದು 1834ರಲ್ಲಿ. ಮೂರು ವರ್ಷದ ಬಳಿಕ ಅಮರ ಸುಳ್ಯದ ರೈತರು ದಂಗೆ ಎದ್ದರು. ದಂಡಿಗೆ ರಾಜವಂಶದ ಹೆಸರೊಂದು ಬೇಕಿತ್ತು. ಅರಸು ಮನೆತನದವನೆಂದು ಹೇಳಿಕೊಂಡಿದ್ದ ಕಲ್ಯಾಣಸ್ವಾಮಿ ಆಗಲೇ ಸೆರೆಯಲ್ಲಿದ್ದ. ಆಗ ಪುಟ್ಟಬಸಪ್ಪ ಎಂಬಾತ ಕಲ್ಯಾಣಸ್ವಾಮಿ ಆದ. ಕೆದಂಬಾಡಿ ರಾಮಯ್ಯ ಗೌಡರಂಥವರು ಜೊತೆಗೆ ನಿಂತರು. ಬೆಳ್ಳಾರೆಯ ಖಜಾನೆ ಕೈವಶವಾಯಿತು. 1837ರ ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ದಂಗೆಕೋರರ ಬಾವುಟ ಏರಿತು, ಹದಿಮೂರು ದಿನ ಹಾರಿತು. ಆಮೇಲೆ ಕಂಪನಿಯ ಸೈನ್ಯ ಬಂತು. ಪುಟ್ಟಬಸಪ್ಪನಿಗೆ ನೇಣಾಯಿತು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಊರಿನವರ ಬಾಯಲ್ಲಿ ಇದು ‘ಕಲ್ಯಾಣಪ್ಪನ ಕಾಟಕಾಯಿ’. ಪುಟ್ಟಬಸಪ್ಪನ ಹೆಸರು ಅದರಲ್ಲೂ ಇಲ್ಲ.

ಇದನ್ನು ಕಾದಂಬರಿ ಮಾಡಿದವರು ಈಗಿನ ಕಡಬ ತಾಲೂಕಿನ ಕುಳ್ಕುಂದದಲ್ಲಿ 1924ರಲ್ಲಿ ಹುಟ್ಟಿದ ಶಿವರಾಯರು, ಅಂದರೆ ನಿರಂಜನ. ಪುಸ್ತಕದ ಹೆಸರು ‘ಕಲ್ಯಾಣಸ್ವಾಮಿ’. ಕಮ್ಯುನಿಸ್ಟ್ ಹೋರಾಟದ ದಿನಗಳಲ್ಲಿ ಸ್ವತಃ ತಲೆಮರೆಸಿಕೊಂಡು ಬದುಕಿದವರು ಅವರು. ಇನ್ನೊಬ್ಬನಾಗಿ ಇರುವುದು ಏನೆಂದು ಅವರಿಗೆ ಗೊತ್ತಿತ್ತು.

ಅಮರ ಸುಳ್ಯದ ನೆನಪಿನ ಕಾರ್ಯಕ್ರಮಗಳಿಗೆ ನಾವು ವರದಿಗೆ ಹೋಗುತ್ತಲೇ ಇರುತ್ತೇವೆ. ದಂಡು, ಖಜಾನೆ, ಬಾವುಟ, ನೇಣು ಎಲ್ಲವೂ ವರದಿಯಲ್ಲಿ ಬಂದಿದೆ. ಮೊನ್ನೆ ಹಳೆಯ ವರದಿಗಳನ್ನು ತೆಗೆದು ಓದಿದೆವು. ಅದರಲ್ಲಿ ಇರುವ 1837ರ ಹೆಸರೆಲ್ಲ ಗಂಡಸರದೇ. ಬೇರೆ ಹೆಸರು ಹೊತ್ತು ಘಟ್ಟ ಇಳಿದವನಿಗಾಗಿ ಮನೆಯಲ್ಲಿ ಯಾರು ಕಾದರು, ಯಾವ ಹೆಸರು ಹಿಡಿದು ವಿಚಾರಿಸಿದರು, ನೇಣಾದ ಕಲ್ಯಾಣಪ್ಪ ತಮ್ಮವನೇ ಎಂದು ಅವರಿಗೆ ಹೇಳಿದವರು ಯಾರು? ವೇದಿಕೆಯಲ್ಲಿ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಬೆಳ್ಳಾರೆಯ ಬಂಗ್ಲೆಗುಡ್ಡೆಗೆ ಮುಂದಿನ ಸಲ ಹೋದಾಗ ಅಲ್ಲಿನ ಹಿರಿಯ ಹೆಂಗಸರನ್ನು ಮೊದಲು ಮಾತಾಡಿಸಬೇಕೆಂದಿದ್ದೇವೆ. ನಿಮ್ಮ ಅಜ್ಜಿ ಈ ಕಾಟಕಾಯಿಯ ಬಗ್ಗೆ ಏನಾದರೂ ಹೇಳುತ್ತಿದ್ದರೆ, ಪಾಡ್ದನದ ಒಂದು ತುಂಡಾದರೂ ಸರಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಇಡಿ. ನಾವು ಬಂದು ಕೇಳುತ್ತೇವೆ.