ಕಾರ್ಡ್ ಬದಲಾವಣೆಯ ಅಭ್ಯಾಸಕ್ರಮ: ಗಿಟಾರ್ ಕಲಿಕೆಯ ಮೊದಲ ಹಂತದ ಒಂದು ಮರುವಿಚಾರ

ಹೊಸದಾಗಿ ಗಿಟಾರ್ ಕಲಿಯುವವರ ಕೈ ಹೆಚ್ಚಾಗಿ ತಡವರಿಸುವುದು ಒಂದು ಕಾರ್ಡಿನಿಂದ ಇನ್ನೊಂದಕ್ಕೆ ದಾಟುವಾಗ. ಬಿಡಿಯಾಗಿ ಸ್ಪಷ್ಟವಾಗಿ ನುಡಿಯುವ ಎರಡು ಕಾರ್ಡುಗಳು ತಾಳದೊಳಗೆ ಬಂದೊಡನೆ ಮಸುಕಾಗುತ್ತವೆ. ಸ್ಟ್ರಮ್ಮಿಂಗ್ ಅರೆಕ್ಷಣ ನಿಂತು ಹಾಡು ಮುರಿಯುತ್ತದೆ.

ಬೆರಳುಗಳ ಹಿಡಿತಕ್ಕೆ ಗುರುತು ಕೊಟ್ಟು ಕಲಿಸುವ ಪದ್ಧತಿ ಹಳೆಯದು. 1596ರದೆಂದು ಹೇಳಲಾಗುವ ಜೊವಾನ್ ಕಾರ್ಲೆಸ್ ಅಮಾತ್‌ನ ಸ್ಪ್ಯಾನಿಷ್ ಗಿಟಾರ್ ಕೈಪಿಡಿ ಕಾರ್ಡುಗಳಿಗೆ ಅಂಕಿಗಳನ್ನು ಕೊಟ್ಟಿತು. ಮೊಂಟೆಸಾರ್ಡೊನ 1606ರ ಪುಸ್ತಕ ಅಕ್ಷರಗಳನ್ನು ಬಳಸಿತು. ಯೋಚಿಸಿ ಮಾಡುವುದು, ತಿದ್ದಿಕೊಳ್ಳುವುದು, ತಾನಾಗಿ ಆಗುವುದು ಎಂದು ಫಿಟ್ಸ್ ಮತ್ತು ಪೋಸ್ನರ್ 1967ರಲ್ಲಿ ವಿವರಿಸಿದ ಕೌಶಲ ಕಲಿಕೆಯ ಮೂರು ಹಂತಗಳು ಇಲ್ಲಿಗೂ ಒಪ್ಪುತ್ತವೆ. ಬೆರಳತುದಿ ಫ್ರೆಟ್ಟಿನ ಲೋಹಪಟ್ಟಿಗೆ ತೀರ ಸಮೀಪದಲ್ಲಿ ಒತ್ತಬೇಕು, ಎರಡು ಕಾರ್ಡುಗಳಿಗೂ ಸಲ್ಲುವ ಬೆರಳನ್ನು ಎತ್ತಬಾರದು ಎಂಬುದರಲ್ಲೂ ತಕರಾರಿಲ್ಲ.

ತಕರಾರಿರುವುದು ಅಭ್ಯಾಸದ ಕ್ರಮದಲ್ಲಿ. ಎರಡೇ ಕಾರ್ಡುಗಳನ್ನು ಒಂದು ನಿಮಿಷ ಅದಲುಬದಲು ಮಾಡಿ ಎಷ್ಟು ಬಾರಿ ಆಯಿತೆಂದು ಎಣಿಸುವುದು ಇಂದು ಜನಪ್ರಿಯ ವಿಧಾನ. ಎಣಿಕೆ ಏರಿದಂತೆ ಕಲಿಕೆಯೂ ಏರಿತೆಂದು ಅದು ನಂಬಿಸುತ್ತದೆ. ಈ ನಂಬಿಕೆಯನ್ನು ಪರೀಕ್ಷಿಸಲು, ಹಿರಿಯೂರು ಅಥವಾ ಹೊಳಲ್ಕೆರೆಯಲ್ಲಿ ಸರಳೆ ವರಸೆ ಕಲಿತು, ಆಮೇಲೆ ಭಾವಗೀತೆಗೆ ಜೊತೆ ನುಡಿಸಲೆಂದು ಗಿಟಾರ್ ಹಿಡಿಯುವ ವಿದ್ಯಾರ್ಥಿಯನ್ನು ಎದುರಿಗಿಟ್ಟುಕೊಳ್ಳಬಹುದು.

ಆತನ ಹಾಡು ಮೋಹನ ರಾಗದ ಛಾಯೆಯದು, ಷಡ್ಜ ಸಿ ಸ್ವರದಲ್ಲಿದೆ ಎನ್ನೋಣ. ಸಿ ಮೇಜರ್‌ನಲ್ಲಿ ಸ–ಗ–ಪ, ಎ ಮೈನರ್‌ನಲ್ಲಿ ದ–ಸ–ಗ, ಎರಡೂ ರಾಗದೊಳಗಿನವೇ. ಕೈಗೂ ಇವು ಸುಲಭ. ಎರಡನೆಯ ತಂತಿಯ ಮೊದಲ ಫ್ರೆಟ್ಟಿನ ತೋರುಬೆರಳು, ನಾಲ್ಕನೆಯ ತಂತಿಯ ಎರಡನೆಯ ಫ್ರೆಟ್ಟಿನ ನಡುಬೆರಳು ಕದಲುವುದಿಲ್ಲ. ಉಂಗುರಬೆರಳು ಮಾತ್ರ ಐದನೆಯ ತಂತಿಯ ಮೂರನೆಯ ಫ್ರೆಟ್ಟಿನಿಂದ ಮೂರನೆಯ ತಂತಿಯ ಎರಡನೆಯ ಫ್ರೆಟ್ಟಿಗೆ ಹೋಗುತ್ತದೆ. ಆರಂಭಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಜಿ ಮೇಜರ್ ಸೇರಿದಾಗ ಪರಿಸ್ಥಿತಿ ಬದಲಾಗುತ್ತದೆ: ಅದರ ಪ–ನಿ–ರಿಯಲ್ಲಿ ನಿಷಾದ ಮೋಹನಕ್ಕೆ ಹೊರಗಿನದು, ವಾಡಿಕೆಯ ಹಿಡಿತದಲ್ಲಿ ಮೂರೂ ಬೆರಳುಗಳು ಜಾಗ ಬಿಡಬೇಕು. ಭಾವಗೀತೆ, ಚಿತ್ರಗೀತೆಗಳಲ್ಲಿ ಆ ನಿಷಾದ ಸಲ್ಲುತ್ತದೆ. ಕೈಯ ಕಷ್ಟ ಉಳಿಯುತ್ತದೆ.

ಮೂರು ಕಾರ್ಡುಗಳ ನಡುವೆ ಆರು ದಾಟುಗಳಿವೆ. ಸಿಯಿಂದ ಜಿಗೆ ಹೋಗುವುದೂ ಜಿಯಿಂದ ಸಿಗೆ ಮರಳುವುದೂ ಬೆರಳುಗಳಿಗೆ ಬೇರೆಬೇರೆ ಕೆಲಸ. ಜೋಡಿ ಅಭ್ಯಾಸದಲ್ಲಿ ಕೈ ಈಗಷ್ಟೇ ಬಿಟ್ಟುಬಂದ ಜಾಗಕ್ಕೇ ಮರಳುತ್ತದೆ, ನೆನಪಿನಿಂದ ಹಿಡಿತವನ್ನು ಹೊಸದಾಗಿ ಕಟ್ಟುವ ಪ್ರಸಂಗ ಬರುವುದಿಲ್ಲ. ಹಾಡಿನಲ್ಲಾದರೋ ಜಿ ಎಷ್ಟೋ ಸಾಲುಗಳ ನಂತರ, ಒಮ್ಮೆ ಸಿಯ ಬೆನ್ನಿಗೆ, ಒಮ್ಮೆ ಎ ಮೈನರ್‌ನ ಬೆನ್ನಿಗೆ ಬರುತ್ತದೆ. ಶೇ ಮತ್ತು ಮಾರ್ಗನ್ 1979ರಲ್ಲಿ ತೋರಿಸಿದ್ದು ಇಂಥದನ್ನೇ: ಒಂದೇ ಚಲನೆಯನ್ನು ಒಟ್ಟಿಗೆ ಮುಗಿಸಿದವರು ಅಭ್ಯಾಸದ ವೇಳೆ ಮುಂದಿದ್ದರು, ಹತ್ತು ದಿನಗಳ ಬಳಿಕ ಹಲವು ಚಲನೆಗಳನ್ನು ಕಲಸಿ ಅಭ್ಯಸಿಸಿದವರು ಮುಂದಾದರು. ಹಾಗಾದರೆ ನಿಮಿಷದ ಎಣಿಕೆ ಆ ಹೊತ್ತಿನ ಚುರುಕನ್ನು ಅಳೆಯುತ್ತದೆ. ಮರುದಿನಕ್ಕೆ ಉಳಿದದ್ದನ್ನು ಅಳೆಯಲಾರದು. ಪುರಂದರದಾಸರ ಹೆಸರಿನೊಂದಿಗೆ ಸಂಪ್ರದಾಯ ಜೋಡಿಸುವ ಪಾಠಕ್ರಮದಲ್ಲೂ ಈ ಅರಿವು ಕಾಣುತ್ತದೆ. ಮಾಯಾಮಾಳವಗೌಳದ ಅವೇ ಏಳು ಸ್ವರಗಳು ಸರಳೆ, ಜಂಟಿ, ದಾಟು ವರಸೆಗಳಲ್ಲಿ ಸಾಲು ಬದಲಿಸಿಕೊಂಡು ಬರುತ್ತವೆ; ಸ್ವರವನ್ನು ಅದರ ನೆರೆಯೊಡನೆಯೇ ಕಲಿಸಲಾಗುತ್ತದೆ.

ಆದ್ದರಿಂದ ಪ್ರತಿ ಕಾರ್ಡೂ ಒಮ್ಮೆ ಸ್ಪಷ್ಟವಾಗಿ ನುಡಿದ ಮೇಲೆ, ಜೋಡಿ ವೇಗ ಪಡೆಯುವವರೆಗೆ ಕಾಯದೆ, ನಿಧಾನವಾದ ಆದಿತಾಳದಲ್ಲಿ ಆರೂ ದಾಟುಗಳನ್ನು ಕಲಸಿ ಅಭ್ಯಸಿಸುವುದು ಮೇಲೆಂದು ತೋರುತ್ತದೆ. ಈ ಮಾತಿಗೆ ಮಿತಿಗಳಿವೆ. 1979ರ ಪ್ರಯೋಗ ತೋಳಿನ ಸರಳ ಚಲನೆಯದು. ಸರಳ ಕೌಶಲದ ನಿಯಮ ಸಂಕೀರ್ಣ ಕೌಶಲಕ್ಕೆ ನೇರವಾಗಿ ಅನ್ವಯಿಸದೆಂದು ವುಲ್ಫ್ ಮತ್ತು ಚಾರ್ಲ್ಸ್ ಶೇ 2002ರಲ್ಲಿ ಎಚ್ಚರಿಸಿದ್ದಾರೆ. ಸರತಿ ಬದಲಿಸುವ ಅಭ್ಯಾಸದ ಕಡೆ ವಾಲಿದ ಕಾರ್ಟರ್ ಮತ್ತು ಗ್ರಾನ್ ಅವರ 2016ರ ಅಧ್ಯಯನದಲ್ಲಿದ್ದವರು ಪಳಗಿದ ಹತ್ತು ಕ್ಲಾರಿನೆಟ್ ವಾದಕರು. ತಂತಿಯ ಒತ್ತಿಗೆ ಬೆರಳತುದಿ ಇನ್ನೂ ಗಟ್ಟಿಯಾಗದ ಮೊದಲ ವಾರಗಳಲ್ಲಿ ಜೋಡಿ ಅಭ್ಯಾಸವೇ ಸೂಕ್ತವಾಗಿರಬಹುದು. ಒಂದು ಕ್ರಮದಿಂದ ಇನ್ನೊಂದಕ್ಕೆ ಹೊರಳುವ ಸಮಯವನ್ನು ನಿರ್ದಿಷ್ಟವಾಗಿ ಹೇಳಲು ಆಧಾರ ಸಾಲದು. ಪುಟ್ಟ ಕೈಗಳ ಮಕ್ಕಳು, ತೋರುಬೆರಳು ಎಲ್ಲ ತಂತಿಗಳನ್ನೂ ಅದುಮಬೇಕಾದ ಬ್ಯಾರೆ ಕಾರ್ಡುಗಳು ಈ ವಾದದ ವ್ಯಾಪ್ತಿಗೆ ಬರುತ್ತವೆಯೇ ಎಂಬುದನ್ನು ಗಿಟಾರ್ ಕಲಿಯುವವರ ಮೇಲೆಯೇ, ಮರುದಿನದ ನುಡಿಸಾಣಿಕೆಯನ್ನು ಅಳೆದು, ಪರೀಕ್ಷಿಸಬೇಕಿದೆ.