ಅಚ್ಚಿಗೆ ಮೊದಲು ಗೆಳೆಯರ ಕಿವಿಗೆ

ಮೆಲ್ಬರ್ನ್ ನಗರದ ಪಶ್ಚಿಮಕ್ಕೆ, ಕಡಲಿಗೆ ಹತ್ತಿಕೊಂಡಿರುವ ಪಾಯಿಂಟ್ ಕುಕ್ ಮೊದಲು ಹೆಸರಾದದ್ದು ವಿಮಾನಗಳಿಂದ. ಆಸ್ಟ್ರೇಲಿಯದ ಸೇನಾ ವಿಮಾನಯಾನ 1914ರಲ್ಲಿ ಅಲ್ಲೇ ಶುರುವಾಯಿತು. ಈಗ ಅಲ್ಲಿ ಸಾಲು ಸಾಲು ಹೊಸ ಬಡಾವಣೆಗಳು, ಅವುಗಳಲ್ಲಿ ಭಾರತದ ನಾನಾ ಭಾಷೆಗಳ ಕುಟುಂಬಗಳು. ಕನ್ನಡದ ಮನೆಗಳೂ ಇವೆ. ಈ ಮನೆಗಳ ಮಕ್ಕಳು ಶಾಲೆಯ ಕೊನೆಯ ವರ್ಷಕ್ಕೆ ಬಂದಾಗ ವಿಕ್ಟೋರಿಯಾ ರಾಜ್ಯದ ವಿಸಿಇ ಇಂಗ್ಲಿಷ್ ಪಠ್ಯಕ್ರಮದಲ್ಲಿ ಸ್ವಂತ ಬರವಣಿಗೆಯ ಒಂದು ಭಾಗ ಎದುರಾಗುತ್ತದೆ. 2024ರಿಂದ ಜಾರಿಯಲ್ಲಿರುವ ಈ ಕ್ರಮದ ಪ್ರಕಾರ ವಿದ್ಯಾರ್ಥಿ ಬರೆದರಷ್ಟೇ ಸಾಲದು. ಬರೆದದ್ದನ್ನು ತರಗತಿಯಲ್ಲಿ ಹಂಚಿಕೊಂಡು, ಚರ್ಚಿಸಿ, ತಾನು ಹೀಗೇಕೆ ಬರೆದೆ ಎಂದು ಟಿಪ್ಪಣಿಯನ್ನೂ ಬರೆಯಬೇಕು.

ಕರ್ನಾಟಕದಲ್ಲಿ ಓದಿ ಬಂದ ಅಪ್ಪ-ಅಮ್ಮಂದಿರಿಗೆ ಇದು ತುಸು ವಿಚಿತ್ರವೆನಿಸಿದರೆ ತಪ್ಪಿಲ್ಲ. ಅವರ ಕಾಲದ ಪ್ರಬಂಧದ ಮೇಲೆ ಬೀಳುತ್ತಿದ್ದದ್ದು ಮೇಷ್ಟ್ರ ಕೆಂಪು ಶಾಯಿ ಮಾತ್ರ. ಪಕ್ಕದ ಬೆಂಚಿನವನು ಪ್ರಬಂಧ ನೋಡಿದರೆ ಅದಕ್ಕೆ ನಕಲು ಎಂದು ಹೆಸರು. ಆದರೆ ಅದೇ ಕರ್ನಾಟಕದಲ್ಲಿ, ತರಗತಿಯ ಬಾಗಿಲಿನಾಚೆ, ಓರಗೆಯವರ ಮುಂದೆ ಓದಿ ತಿದ್ದಿಸಿಕೊಳ್ಳುವ ರೂಢಿಯೊಂದು ನೂರು ವರ್ಷಗಳಿಂದ ನಡೆದುಬಂದಿದೆ. ಹೊಸಗನ್ನಡ ಸಾಹಿತ್ಯದ ದೊಡ್ಡ ಪಾಲು ಮೊದಲು ಕೇಳಿಸಿದ್ದೇ ಅಂಥ ಕಡೆಗಳಲ್ಲಿ.

ಅದು ತರಗತಿಯ ಹೊರಗೆ ಹುಟ್ಟಿದ್ದಕ್ಕೆ ಕಾರಣ ಸರಳ. ಒಳಗೆ ಕನ್ನಡಕ್ಕೆ ಜಾಗವಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಶುರುವಾದರೂ ಕನ್ನಡ ಎಂ.ಎ. ತರಗತಿ ಬಂದದ್ದು 1927ರಲ್ಲಿ. ಅಲ್ಲಿಯವರೆಗೆ ಕಾಲೇಜು ಹುಡುಗನಿಗೆ ಕಾವ್ಯವೆಂದರೆ ವರ್ಡ್ಸ್‌ವರ್ತ್, ಶೆಲ್ಲಿ. ಬರೆಯುವ ಹುಚ್ಚು ಹತ್ತಿದರೆ ಅವನು ಬರೆಯುತ್ತಿದ್ದದ್ದೂ ಇಂಗ್ಲಿಷಿನಲ್ಲೇ.

ಮುಂದೆ ಕುವೆಂಪು ಎಂದು ಹೆಸರಾದ ಕುಪ್ಪಳಿಯ ಪುಟ್ಟಪ್ಪ ಕೂಡ ಹಾಗೇ ಮಾಡಿದರು. ಮೈಸೂರಿನಲ್ಲಿ ಹೈಸ್ಕೂಲು ಓದುತ್ತಿದ್ದಾಗಲೇ, 1922ರಲ್ಲಿ, ‘ಬಿಗಿನರ್ಸ್ ಮ್ಯೂಸ್’ ಎಂಬ ಪುಟ್ಟ ಇಂಗ್ಲಿಷ್ ಕವನ ಪುಸ್ತಿಕೆ ತಂದರು. ಎರಡು ವರ್ಷ ಕಳೆದು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಹತ್ತೊಂಬತ್ತರ ಹುಡುಗ ತನ್ನ ಇಂಗ್ಲಿಷ್ ಪದ್ಯಗಳನ್ನು ಹಿಡಿದು ಅವರನ್ನು ಕಾಣಲು ಹೋದ. ಕಸಿನ್ಸ್ ಹೊಗಳಲಿಲ್ಲ. ನಿನ್ನ ಭಾಷೆಯಲ್ಲಿ ಏನು ಬರೆದಿದ್ದೀಯೆ ಎಂದು ಕೇಳಿದರು, ಅದರಲ್ಲೇ ಬರೆ ಎಂದರು. ಹುಡುಗನಿಗೆ ಸಿಟ್ಟು ಬಂತು, ನಿರಾಸೆಯಾಯಿತು. ಆದರೆ ಲೇಖನಿ ಕನ್ನಡಕ್ಕೆ ತಿರುಗಿತು. ಕುವೆಂಪು ಅವರೇ ತಮ್ಮ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ ಹೇಳಿಕೊಂಡಿರುವ ಈ ಪ್ರಸಂಗವನ್ನು ಕನ್ನಡದ ಸಭೆಗಳಲ್ಲಿ ಕೇಳದವರಿಲ್ಲ. ಕೇಳಿದವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ. ಊರು ನೋಡಲು ಬಂದ ಅತಿಥಿ ಒಂದು ಮಾತು ಹೇಳಿ ಹೋಗಬಹುದು, ಮುಂದಿನ ಪದ್ಯ ಕೇಳಲು ಅವನಿರುವುದಿಲ್ಲ. ಆ ಕೆಲಸಕ್ಕೆ ಬೇರೆ ಜನ ಬೇಕಿತ್ತು, ಮತ್ತು ಅವರು ಆಗಲೇ ತಯಾರಾಗುತ್ತಿದ್ದರು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ಣಾಟಕ ಸಂಘ ಕಟ್ಟಿದರು. ಅದರ ಬೆನ್ನಿಗೇ ‘ಪ್ರಬುದ್ಧ ಕರ್ಣಾಟಕ’ ಎಂಬ ತ್ರೈಮಾಸಿಕ ಹೊರಟಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲೂ ಅಂಥದೇ ಸಂಘ. ಬಿ.ಎಂ. ಶ್ರೀಕಂಠಯ್ಯ, ಟಿ.ಎಸ್. ವೆಂಕಣ್ಣಯ್ಯ ಅವರಂಥವರು ಅಧ್ಯಾಪಕರಾಗಿ ಅಲ್ಲ, ಕೇಳುಗರಾಗಿ ಕೂರುತ್ತಿದ್ದ ಕಾಲ ಅದು. ಬಿಎಂಶ್ರೀ ಸ್ವತಃ ಇಂಗ್ಲಿಷ್ ಪ್ರಾಧ್ಯಾಪಕರು. ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಬಂದಾಗ ಹುಡುಗರೂ ಅದೇ ಹೊಸ ಛಂದಸ್ಸುಗಳಲ್ಲಿ ಕೈಯಾಡಿಸುತ್ತಿದ್ದರು. ಹೊಸ ರೂಪವೊಂದನ್ನು ಪಳಗಿಸುವಾಗ ಮೇಷ್ಟ್ರಿಗೂ ಶಿಷ್ಯನಿಗೂ ಅಂತರ ಕಡಿಮೆ. ಇಬ್ಬರೂ ಕಲಿಯುವವರೇ. ಸಂಘದ ಬಳಗದ ಎಳೆಯ ಕವಿಗಳ ಪದ್ಯಗಳು ‘ಕಿರಿಯ ಕಾಣಿಕೆ’, ‘ತಳಿರು’ ಎಂಬ ಸಂಕಲನಗಳಾಗಿ ಬಂದವು. ಪುಟ್ಟಪ್ಪ, ಜಿ.ಪಿ. ರಾಜರತ್ನಂ ಇವರೆಲ್ಲ ಆ ಬಳಗದವರು. ವೆಂಕಣ್ಣಯ್ಯನವರ ಋಣವನ್ನು ಕುವೆಂಪು ಎಷ್ಟು ದೊಡ್ಡದೆಂದು ಎಣಿಸಿದ್ದರೆಂದರೆ, ಗುರುಗಳು 1939ರಲ್ಲಿ ತೀರಿಕೊಂಡು ಹತ್ತು ವರ್ಷ ಕಳೆದ ಮೇಲೆ ಬಂದ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅವರಿಗೇ ಅರ್ಪಿಸಿದರು.

ಧಾರವಾಡದ ಕತೆ ಬೇರೆ. ಅದು ಮುಂಬೈ ಪ್ರಾಂತ. ಮರಾಠಿಯ ಗಾಳಿ ಜೋರು. ಬೆನ್ನಿಗೆ ಕಾಲೇಜಿನ ಸಂಘವಿಲ್ಲ, ಮಹಾರಾಜರ ಆಶ್ರಯವಿಲ್ಲ. 1922ರಲ್ಲಿ ಕವಿ ದ.ರಾ. ಬೇಂದ್ರೆ ಅಲ್ಲಿ ಕಟ್ಟಿದ್ದು ‘ಗೆಳೆಯರ ಗುಂಪು’. ಅದಕ್ಕೊಂದು ದಫ್ತರವೂ ಇರಲಿಲ್ಲ. ಮನೆಯ ಪಡಸಾಲೆ, ಊರಾಚೆಯ ಅತ್ತಿಕೊಳ್ಳ, ಸಾಧನಕೇರಿಯ ದಂಡೆ ಇವೇ ಅವರ ಕೂಟದ ಜಾಗಗಳು. ಬೇಂದ್ರೆ ಶಾಲಾ ಮೇಷ್ಟ್ರು. ಶಂಬಾ ಜೋಶಿಯೂ ಶಾಲಾ ಮೇಷ್ಟ್ರೇ. ಬೆಟಗೇರಿ ಕೃಷ್ಣಶರ್ಮ ಹಳ್ಳಿಯ ಮಾತಿನ ಸೊಗಡು ಹೊತ್ತು ಬಂದವರು. ಆಮೇಲೆ ಸೇರಿಕೊಂಡ ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ ಇನ್ನೂ ಕಾಲೇಜು ಹುಡುಗರು. ಎನ್ಕೆ, ಜಿ.ಬಿ. ಜೋಶಿ ಇವರೂ ಸುತ್ತ ಇದ್ದರು. ಗುಂಪು ಶುರುವಾದ ಮರುವರ್ಷ, 1923ರಲ್ಲಿ, ಪುಣೆಯಲ್ಲಿ ಮಾಧವ ಜೂಲಿಯನ್ ಮತ್ತಿತರರು ‘ರವಿಕಿರಣ ಮಂಡಳ’ ಕಟ್ಟಿ ಭಾನುವಾರದ ಚಹಾದ ಜೊತೆ ಪದ್ಯ ಓದಿ ಜಗಳವಾಡುತ್ತಿದ್ದರು. ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ಬಂದ ಬೇಂದ್ರೆಗೆ ಆ ಊರಿನ ಸಾಹಿತ್ಯದ ಹುರುಪು ಹೊಸದಾಗಿರಲಿಲ್ಲ.

ಈ ಗುಂಪಿನಲ್ಲಿ ತಿದ್ದುಪಡಿ ನಡೆಯುತ್ತಿದ್ದದ್ದು ಕಾಗದದ ಮೇಲಲ್ಲ. ಪದ್ಯವನ್ನು ಗಟ್ಟಿಯಾಗಿ ಓದಬೇಕು, ಇಲ್ಲವೇ ಹಾಡಬೇಕು. ಕೇಳುವವನ ಕೈಯಲ್ಲಿ ಪ್ರತಿ ಇರುವುದಿಲ್ಲ, ಕಿವಿ ಮಾತ್ರ. ಹಾಗಾಗಿ ಮೊದಲು ಸಿಕ್ಕಿಬೀಳುವುದು ಲಯದ ತಪ್ಪು, ನಾಲಗೆ ಎಡವುವ ಜಾಗ, ಆಡುಮಾತಿನ ನಡುವೆ ಇದ್ದಕ್ಕಿದ್ದಂತೆ ನುಗ್ಗಿದ ಸಂಸ್ಕೃತದ ದಪ್ಪ ಪದ. ಅರ್ಥದ ಗೊಂದಲ ಆಮೇಲೆ. ನವೋದಯವೆಂದು ಕರೆಯುವ ಈ ಕಾಲದ ಕವಿತೆ ಇಷ್ಟೊಂದು ಹಾಡಿಗೆ ಒಗ್ಗಿದ್ದರ ಹಿಂದೆ ಜನಪದದ ಪ್ರಭಾವವನ್ನು ಎಲ್ಲರೂ ಹೇಳುತ್ತಾರೆ. ಈ ಕೇಳುಗರ ಕೂಟದ ಪಾಲನ್ನೂ ಅದಕ್ಕೆ ಸೇರಿಸಬೇಕು. ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಹೆಂಗಸರ ಹಾಡುಗಳನ್ನು ಸಂಗ್ರಹಿಸಿ ‘ಗರತಿಯ ಹಾಡು’ ತಂದದ್ದೂ ಇಂಥ ಗೆಳೆತನದ ಬಲದಿಂದಲೇ.

ಗುಂಪು ಓದಿ ಸುಮ್ಮನಾಗಲಿಲ್ಲ ಎಂಬುದು ಮುಖ್ಯ. ಪತ್ರಿಕೆ ನಡೆಸಿತು, ನಾಡಹಬ್ಬ ಆಚರಿಸಿತು, ಒಬ್ಬರ ಪುಸ್ತಕವನ್ನು ಇನ್ನೊಬ್ಬರು ಹೊತ್ತು ಮಾರಿದರು. ತಾನೇ ಮಾರಬೇಕಾದ ಪುಸ್ತಕದ ಬಗ್ಗೆ ಗೆಳೆಯ ಸುಳ್ಳು ಹೇಳುವುದು ಕಷ್ಟ. ಇಂದಿನ ತರಗತಿಯ ಚರ್ಚೆಯಲ್ಲಿ ಇಲ್ಲದ್ದು ಈ ಪಣ. ಅಲ್ಲಿ ಮಾತು ಮುಗಿದರೆ ಅಂಕ ಬರುತ್ತದೆ, ಅಷ್ಟೇ.

1932ರಲ್ಲಿ ಬೇಂದ್ರೆಯವರ ‘ಗರಿ’ ಬಂತು. ಅದರ ‘ನರಬಲಿ’ ಕವಿತೆಯನ್ನು ಎಲ್ಲರಿಗಿಂತ ಗಂಭೀರವಾಗಿ ತೆಗೆದುಕೊಂಡದ್ದು ಬ್ರಿಟಿಷ್ ಸರ್ಕಾರ. ಕವಿ ಹಿಂಡಲಗಿ ಜೈಲಿಗೆ ಹೋದರು, ಆಮೇಲೆ ಮುಗದ ಹಳ್ಳಿಯಲ್ಲಿ ನಜರಬಂದಿಯಾದರು. ಕೆಲಸವೂ ಹೋಯಿತು. ಗುಂಪು ಮೆಲ್ಲನೆ ಚದುರಿತು.

ಇದನ್ನೆಲ್ಲ ಬರೀ ಚಂದದ ಕತೆಯಾಗಿ ಹೇಳಿದರೆ ಅರ್ಧ ಮಾತ್ರ ಹೇಳಿದಂತೆ. ಕಾಲೇಜಿನ ಸಂಘದಲ್ಲಾಗಲಿ ಅತ್ತಿಕೊಳ್ಳದ ದಂಡೆಯಲ್ಲಾಗಲಿ ಕೂತವರು ಬಹುಪಾಲು ಗಂಡಸರು, ಅದರಲ್ಲೂ ಓದು ಮನೆಗೇ ಬಂದಿದ್ದ ಜಾತಿಗಳ ಗಂಡಸರು. ಪುಟ್ಟಪ್ಪನಂಥವರು ವಿರಳ. ಇದೇ ಕಾಲಕ್ಕೆ ಕತೆ ಬರೆಯುತ್ತಿದ್ದ ಕೊಡಗಿನ ಗೌರಮ್ಮನಿಗೆ ಸಂಜೆ ಕೂತು ಕತೆ ಓದಿ ಜಗಳವಾಡಲು ಅಂಥ ಗುಂಪೆಲ್ಲಿತ್ತು? ಬೇಂದ್ರೆ ಆಕೆಯನ್ನು ತಂಗಿಯೆಂದು ಕರೆದರು, ನಿಜ. 1939ರಲ್ಲಿ, 27ರ ವಯಸ್ಸಿನಲ್ಲಿ, ಆಕೆ ನೀರಿಗೆ ಸಿಕ್ಕಿ ತೀರಿಕೊಂಡರು.

ಇನ್ನೊಂದು ದೋಷ ನಯದ್ದು. ಎದುರಿಗೆ ಖಾರವಾಗಿ ಮಾತಾಡಿದವರೂ ಬರೆಯಲು ಕೂತರೆ ಮೆತ್ತಗಾಗುತ್ತಿದ್ದರು. ಕನ್ನಡದಲ್ಲಿ ಬರಹದ ರೂಪದ ಪ್ರತಿಕ್ರಿಯೆ ಎಂದರೆ ಬಹುಕಾಲ ಮುನ್ನುಡಿಯೇ. ಹಿರಿಯರು ಬೆನ್ನು ತಟ್ಟುವ ಪುಟಗಳು. ಗೋಪಾಲಕೃಷ್ಣ ಅಡಿಗರ ಮೊದಲ ಸಂಕಲನ ‘ಭಾವತರಂಗ’ 1946ರಲ್ಲಿ ಬಂದಾಗ ಮುನ್ನುಡಿ ಬರೆದವರು ಬೇಂದ್ರೆ. ಎಂಟು ವರ್ಷಗಳಲ್ಲಿ ಅದೇ ಅಡಿಗರು ‘ಚಂಡೆಮದ್ದಳೆ’ಯಲ್ಲಿ ಆ ಹಿರಿಯರ ದಾರಿಯನ್ನೇ ಬಿಟ್ಟು ಹೊರಟರು.

ಆ ಹೊತ್ತಿಗೆ ಅಡಿಗರು ಮೈಸೂರಿನ ಸಂತ ಫಿಲೋಮಿನಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರು. ಕೂಟದ ಜಾಗ ಕಾಫಿ ಹೌಸಿಗೆ ಬದಲಾಯಿತು. ಯು.ಆರ್. ಅನಂತಮೂರ್ತಿಯಂಥ ಮಹಾರಾಜ ಕಾಲೇಜಿನ ಹುಡುಗರು ಒಂದು ಕಪ್ ಕಾಫಿಯ ಮುಂದೆ ಗಂಟೆಗಟ್ಟಲೆ ಕೂರುವ ಧೈರ್ಯ ತೋರಿಸುತ್ತಿದ್ದರು. ಈಗ ಪದ್ಯವನ್ನು ಹಾಡುವಂತಿಲ್ಲ. ಸಾಲು ಏಕೆ ಅಲ್ಲಿ ಮುರಿಯಿತು, ಈ ಪ್ರತಿಮೆ ಆ ಪ್ರತಿಮೆಯನ್ನು ಹೇಗೆ ಎದುರಿಸುತ್ತದೆ ಎಂಬ ಪ್ರಶ್ನೆಗಳು ಎದ್ದವು. ಎಲಿಯಟ್, ಲೀವಿಸ್ ಹೆಸರುಗಳು ಮೇಜಿನ ಮೇಲೆ ಬಂದವು. ಕಿವಿಯ ವಿಮರ್ಶೆ ಹೋಗಿ ಕಣ್ಣಿನ ವಿಮರ್ಶೆ ಬಂತು ಎನ್ನಬಹುದು. ಜಗಳ ಹೆಚ್ಚು ಹರಿತವಾಯಿತು. ನಗು ತುಸು ಕಡಿಮೆಯಾಯಿತೇನೋ.

ಇದೇ ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋದರು. ಅಲ್ಲಿ ಅವರ ಗುರು ಕಾದಂಬರಿಕಾರ ಮಾಲ್ಕಮ್ ಬ್ರಾಡ್ಬರಿ. ಒಂದು ಸಂಜೆ ಇಬ್ಬರೂ ಇಂಗ್ಮಾರ್ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ನೋಡಿದರು. ಪರದೆಯ ಮೇಲೆ ಇಂಗ್ಲಿಷ್ ಅಡಿಬರಹವೂ ಇರಲಿಲ್ಲ. ಯುರೋಪಿನವನು ಮಧ್ಯಯುಗವನ್ನು ಕಷ್ಟಪಟ್ಟು ಕಲ್ಪಿಸಿಕೊಳ್ಳಬೇಕು, ನಿಮಗಾದರೆ ಹಲವು ಕಾಲಗಳು ಒಟ್ಟಿಗೇ ಬದುಕಿವೆ ಎಂಬ ಅರ್ಥದ ಮಾತನ್ನು ಬ್ರಾಡ್ಬರಿ ಆಡಿದರು. ಆ ಮಾತು ಹಿಡಿದುಕೊಂಡು ಹುಟ್ಟಿದ್ದು ‘ಸಂಸ್ಕಾರ’ ಕಾದಂಬರಿ. ಒಂದು ವಾಕ್ಯವನ್ನೂ ತಿದ್ದದೆ, ನಿನ್ನ ಕೈಯಲ್ಲಿ ಏನಿದೆ ನೋಡು ಎಂದು ತೋರಿಸಿದ ಪ್ರತಿಕ್ರಿಯೆ ಅದು. ಕಸಿನ್ಸ್ ಹೇಳಿದ್ದೂ ಹೆಚ್ಚೂಕಡಿಮೆ ಅದನ್ನೇ.

ಬ್ರಾಡ್ಬರಿ 1970ರಲ್ಲಿ ಆಂಗಸ್ ವಿಲ್ಸನ್ ಜೊತೆ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾನಿಲಯದಲ್ಲಿ ಸೃಜನಶೀಲ ಬರವಣಿಗೆಯ ಎಂ.ಎ. ಶುರುಮಾಡಿದರು, ಮೊದಲ ವಿದ್ಯಾರ್ಥಿ ಇಯಾನ್ ಮೆಕ್‌ಎವನ್. ಅಮೆರಿಕದ ಅಯೋವಾದಲ್ಲಿ ಅಂಥ ಕಮ್ಮಟ 1936ರಿಂದಲೇ ಇತ್ತು. ಅಮೆರಿಕದಲ್ಲಿ ಬೆಳೆದ ಪದ್ಧತಿಯಲ್ಲಿ ಬರೆದವನು ಬಾಯಿ ಮುಚ್ಚಿ ಕೂರಬೇಕು, ಉಳಿದವರು ಅವನು ಅಲ್ಲಿ ಇಲ್ಲವೇನೋ ಎಂಬಂತೆ ಚರ್ಚಿಸಬೇಕು. ಬೇಂದ್ರೆಯವರನ್ನು ಅಂಥ ಕೋಣೆಯಲ್ಲಿ ಸುಮ್ಮನೆ ಕೂರಿಸುವುದನ್ನು ಊಹಿಸುವುದು ಕಷ್ಟ. ಜಗತ್ತಿನ ಶಾಲೆ-ಕಾಲೇಜುಗಳ ಬರವಣಿಗೆಯ ತರಗತಿಗಳಿಗೆಲ್ಲ ಹಬ್ಬಿದ್ದು ಈ ಎರಡು ಕಡೆಗಳ ಮಾದರಿ.

ಕನ್ನಡದಲ್ಲಿ ಅಂಥ ಪದವಿ ಹುಟ್ಟಲಿಲ್ಲ. ಅದರ ಬದಲು ಒಂದು ಅಟ್ಟ ಇತ್ತು. ಗೆಳೆಯರ ಗುಂಪಿನ ಜಿ.ಬಿ. ಜೋಶಿ 1933ರಲ್ಲಿ ಶುರುಮಾಡಿದ ಮನೋಹರ ಗ್ರಂಥಮಾಲೆ ಧಾರವಾಡದ ಸುಭಾಸ ರಸ್ತೆಯ ಮಹಡಿಯಲ್ಲಿ ನೆಲೆಸಿತು. ಅಲ್ಲಿಗೆ ಬರುವ ಹಸ್ತಪ್ರತಿಗಳ ಮೊದಲ ಓದುಗರಲ್ಲಿ ಕೀರ್ತಿನಾಥ ಕುರ್ತಕೋಟಿ ಒಬ್ಬರು. ಗಿರೀಶ ಕಾರ್ನಾಡ ಆಕ್ಸ್‌ಫರ್ಡಿಗೆ ಹೊರಡುವ ಮುಂಚೆ ಬರೆದ ‘ಯಯಾತಿ’ ನಾಟಕ 1961ರಲ್ಲಿ ಅಲ್ಲಿಂದ ಬಂತು. ಕನ್ನಡದಲ್ಲಿ ಗಟ್ಟಿಯಾದ ಐತಿಹಾಸಿಕ ನಾಟಕವಿಲ್ಲ ಎಂಬ ಕುರ್ತಕೋಟಿಯವರ ದೂರು ತನ್ನನ್ನು ಇತಿಹಾಸದ ಪುಸ್ತಕಗಳತ್ತ ಅಟ್ಟಿತೆಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ. 1964ರಲ್ಲಿ ‘ತುಘಲಕ್’, ಮರುವರ್ಷ ಬರ್ಮಿಂಗ್‌ಹ್ಯಾಮಿನಲ್ಲಿ ಬರೆದ ‘ಸಂಸ್ಕಾರ’, ಎರಡೂ ಅಚ್ಚಾದದ್ದು ಅದೇ ಅಟ್ಟದಿಂದ. ಪರದೇಶದ ವಿಶ್ವವಿದ್ಯಾನಿಲಯಗಳಿಗೆ ಹೋಗಿದ್ದ ಹುಡುಗರಿಗೂ ತಮ್ಮ ಬರಹ ಸುಭಾಸ ರಸ್ತೆಯಲ್ಲಿ ಪಾಸಾಗಬೇಕಿತ್ತು.

ಕಾಲೇಜಿನ ಸಂಘಗಳೂ ಸಾಯಲಿಲ್ಲ. ರಾಜರತ್ನಂ ಮುಂದೆ ಸೆಂಟ್ರಲ್ ಕಾಲೇಜಿನ ಅಧ್ಯಾಪಕರಾಗಿ, ತಮ್ಮನ್ನು ಸಾಹಿತ್ಯ ಪರಿಚಾರಕನೆಂದು ಕರೆದುಕೊಂಡು, ಹುಡುಗರ ಪದ್ಯಗಳನ್ನು ಕೇಳಿ, ಅಚ್ಚು ಹಾಕಿಸಿ, ಪುಸ್ತಕಗಳನ್ನು ಚೀಲದಲ್ಲಿ ಹೊತ್ತು ಮಾರಿದರು. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘಕ್ಕೆ ಚಿ. ಶ್ರೀನಿವಾಸರಾಜು ಕೈಹಚ್ಚಿದರು. ವಾಣಿಜ್ಯ, ವಿಜ್ಞಾನ ಓದುವ, ಕನ್ನಡವನ್ನು ಎರಡನೆಯ ಭಾಷೆಯಾಗಿ ತೆಗೆದುಕೊಂಡ ಹುಡುಗರೇ ಅವರ ಸೈನ್ಯ. ಬೇಂದ್ರೆ ಹೆಸರಿನಲ್ಲಿ ರಾಜ್ಯದ ಕಾಲೇಜು ವಿದ್ಯಾರ್ಥಿಗಳಿಗೆಲ್ಲ ಕವನ ಸ್ಪರ್ಧೆ ನಡೆಯಿತು, ಆಯ್ದ ಪದ್ಯಗಳು ಪುಸ್ತಕವಾದವು. ತನ್ನ ಪದ್ಯ ಒಂದು ಹಾಳೆಯಲ್ಲಿ ಅಚ್ಚಾದ ಮೇಲೆ ಪಕ್ಕದ ಹಾಳೆಯ ಅಪರಿಚಿತ ಹುಡುಗಿಯ ಪದ್ಯ ಅದಕ್ಕಿಂತ ಚೆನ್ನಾಗಿದೆ ಎಂದು ಕಂಡುಕೊಳ್ಳಲು ಯಾವ ಮೇಷ್ಟ್ರೂ ಬೇಕಿರಲಿಲ್ಲ. ಹಳೆಯ ಗುಂಪುಗಳ ಹೊಸ್ತಿಲು ದಾಟಲಾಗದ ಹುಡುಗಿಯರು, ಸಣ್ಣ ಊರುಗಳ ಹುಡುಗರು ಅಂಚೆ ಚೀಟಿ ಅಂಟಿಸಿ ಆ ಸಂಕಲನಗಳೊಳಗೆ ಬಂದರು.