ಬಿಗಿ ಸಾಕ್ಸ್‌ನ ಹಳೇ ಕಥೆ (ಭಾಗ 4)

ಗ್ರೌಂಡಲ್ಲಿ ಮೊಣಕಾಲುದ್ದದ ಬಿಗಿ ಸಾಕ್ಸ್ ಹಾಕ್ಕೊಂಡು ಓಡೋರನ್ನ ನೋಡಿರ್ತೀರಿ. ಕಂಪ್ರೆಶನ್ ಸಾಕ್ಸ್. ಅದು ಹುಟ್ಟಿದ್ದು ಓಟಕ್ಕಲ್ಲ, ಹುಣ್ಣಿಗೆ ಅಂದ್ರೆ ನಂಬ್ತೀರಾ?

ಅಮೆರಿಕದ ಒಹಾಯೋ ರಾಜ್ಯದ ಟೊಲೆಡೊದಲ್ಲಿ ಕಾನ್ರಾಡ್ ಜೋಬ್ಸ್ಟ್ ಅನ್ನೋ ಎಂಜಿನಿಯರ್ ಇದ್ದರು. ರಕ್ತನಾಳದ ತೊಂದರೆಯಿಂದ ಅವರ ಕಾಲಲ್ಲಿ ಹುಣ್ಣು. ಈಜುಕೊಳದಲ್ಲಿ ನಿಂತರೆ ಮಾತ್ರ ಆರಾಮ! ಯಾಕೆ? ನೀರು ಆಳವಾದಷ್ಟೂ ಒತ್ತಡ ಜಾಸ್ತಿ. ಪಾದದ ಹತ್ರ ಹೆಚ್ಚು, ಮೇಲೆ ಬಂದಂತೆ ಕಡಿಮೆ. ಕೆಳಗೆ ನಿಂತ ರಕ್ತ ಹೃದಯದ ಕಡೆ ಹೋಗೋಕೆ ಅದು ನೆರವಾಗುತ್ತೆ. ಅದೇ ಲೆಕ್ಕ ಇಟ್ಕೊಂಡು 1950ರ ಹೊತ್ತಿಗೆ ಅವರು ಸ್ಟಾಕಿಂಗ್ಸ್ ಮಾಡಿದರು.

ಆಸ್ಪತ್ರೆಯಿಂದ ಅದು ಟ್ರ್ಯಾಕ್‌ಗೂ ಬಂತು. 2003ರ ಲಂಡನ್ ಮ್ಯಾರಥಾನನ್ನ 2 ಗಂಟೆ 15 ನಿಮಿಷ 25 ಸೆಕೆಂಡಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದ ಪೌಲಾ ರಾಡ್‌ಕ್ಲಿಫ್ ಇಂಥ ಉದ್ದ ಸಾಕ್ಸ್‌ಗೂ ಫೇಮಸ್. ಅಂಥವರನ್ನ ನೋಡಿದ್ರೆ ಯಾರಿಗೆ ಆಸೆ ಆಗಲ್ಲ ಹೇಳಿ?

2017ರಲ್ಲಿ ಅದೇ ರಾಜ್ಯದ ಒಹಾಯೋ ಸ್ಟೇಟ್ ಯೂನಿವರ್ಸಿಟಿಯವರು 20 ಓಟಗಾರರನ್ನ ಟ್ರೆಡ್‌ಮಿಲ್ ಮೇಲೆ 30 ನಿಮಿಷ ಓಡಿಸಿದರು. ಒಂದಿನ ಬಿಗಿ ಟೈಟ್ಸ್ ಹಾಕಿಸಿ, ಇನ್ನೊಂದಿನ ಹಾಕಿಸದೆ. ಸ್ನಾಯುಗಳ ಅದುರಾಟ ಕಮ್ಮಿಯಾಯ್ತು. ಸುಸ್ತು? ಅಷ್ಟೇ ಇತ್ತು. ನಾನು ಬಿಕಾಂ ಅಲ್ವಾ, ದುಡ್ಡು ಕೊಟ್ಟಿದ್ದು ಯಾರು ಅಂತ ಮೊದಲು ನೋಡಿದೆ. ನೈಕಿ! ಮಾರೋರ ದುಡ್ಡಲ್ಲೇ ಇಂಥ ಉತ್ತರ ಬಂದಿದ್ದಕ್ಕೆ ನಂಗೆ ನಂಬಿಕೆ ಹೆಚ್ಚಾಯ್ತು.

ಓಡಿದ ಮೇಲಿನ ಮೈಕೈ ನೋವು ಸ್ವಲ್ಪ ಕಮ್ಮಿ ಅನ್ಸುತ್ತೆ ಅಂತ ಕೆಲವು ಅಧ್ಯಯನಗಳಿವೆ. ಅದಕ್ಕೆ ಬೇಕಾದೋರು ಹಾಕ್ಕೊಳ್ಳಿ. ನಾನಂತೂ ಕಾರ್ಟ್‌ನಲ್ಲಿದ್ದ ಜೊತೆಯನ್ನ ತೆಗೆದುಬಿಟ್ಟೆ. ಭಾನುವಾರ ಹಳೇ ಸಾಕ್ಸಲ್ಲೇ 5 ಕಿಲೋಮೀಟರ್. ಬರ್ತೀರಾ?